ಫೀಸಿನ ಬಾಬ್ತು ಒಂದು ಕೋಟು

1837ರಲ್ಲಿ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಸ್ಟುವರ್ಟ್ ಮತ್ತು ಲಿಂಕನ್ ಎಂಬ ಇಬ್ಬರು ವಕೀಲರು ಜೊತೆಯಾಗಿ ಕಚೇರಿ ಮಾಡಿದರು. ಆ ಕಚೇರಿಯ ಫೀಸಿನ ಲೆಕ್ಕದ ಪುಸ್ತಕದಲ್ಲಿ ಒಂದು ನಮೂದು ಹೀಗಿದೆ: ವೈಲಿ ಮತ್ತು ವುಡ್ ಎಂಬ ಕಕ್ಷಿದಾರರ ದಾವೆ ನಡೆಸಿದ್ದಕ್ಕೆ 50 ಡಾಲರ್, ಸ್ಟುವರ್ಟ್‌ಗೆ ಕೊಟ್ಟ ಕೋಟಿನ ಬಾಬ್ತು 15 ಡಾಲರ್ ಜಮಾ, ಬಾಕಿ 35. ಉಳಿದ ನಮೂದುಗಳಲ್ಲಿ ಬಹಳಷ್ಟು ಐದೈದು ಡಾಲರಿನವು. ಎರಡೂವರೆ ಡಾಲರಿನದೂ ಒಂದಿದೆ. ಜೊತೆಗಾರರಲ್ಲಿ ಕಿರಿಯನಾದ ಅಬ್ರಹಾಂ ಲಿಂಕನ್‌ಗೆ ಆಗ 28 ವರ್ಷ. ಮುಂದೆ ಅವನು ಏನಾದ ಎಂಬುದು ಶಾಲೆಗೆ ಹೋದ ಪ್ರತಿಯೊಬ್ಬ ಕನ್ನಡಿಗನಿಗೂ ಗೊತ್ತು. ಅದಕ್ಕೆ ಮೊದಲಿನ 25 ವರ್ಷ ಅವನು ಗಡಿನಾಡಿನ ವಕೀಲ. ಎಂಟು ವರ್ಷ ರಾಜ್ಯದ ಶಾಸಕನೂ ಆಗಿದ್ದ. ನಾನು ಬರೆಯಹೊರಟಿರುವುದು ಆ ಬಾಳಿನ ಬಗ್ಗೆ, ಅದನ್ನು ನಾನೀಗ ನೆಲೆಸಿರುವ ಈ ಇಲಿನಾಯ್‌ನವರು ಇಟ್ಟುಕೊಂಡಿರುವ ರೀತಿಯ ಬಗ್ಗೆ.

ಆ ಕೋಟಿನ ಲೆಕ್ಕ ನೋಡಲು ಯಾರ ಶಿಫಾರಸೂ ಬೇಕಾಗಿಲ್ಲ. ಲಿಂಕನ್ ಕೈಯಾಡಿಸಿದ 5,000ಕ್ಕೂ ಹೆಚ್ಚು ಪ್ರಕರಣಗಳ ಕಾಗದಪತ್ರಗಳು ಅಂತರ್ಜಾಲದಲ್ಲಿವೆ, ದುಡ್ಡು ಕೊಡಬೇಕಿಲ್ಲ. ಇಲಿನಾಯ್‌ನಲ್ಲಿ ನೆಲೆಸಿದ ಕನ್ನಡಿಗನಿಗೆ ಅದನ್ನು ಕಂಡಾಗ ಮೊದಲು ಸಂತೋಷವಾಗುತ್ತದೆ, ಬೆನ್ನಿಗೇ ಹೊಟ್ಟೆಯಲ್ಲಿ ಸಂಕಟ. ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ: ನಮ್ಮ ಮೊದಲ ಐದು ಮುಖ್ಯಮಂತ್ರಿಗಳೂ ಕಾನೂನು ಓದಿದವರು. ಇವರಲ್ಲಿ ಯಾರ ಫೀಸಿನ ಪುಸ್ತಕವನ್ನು ನಾವು ಕಂಡಿದ್ದೇವೆ? ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ವಕೀಲಿಕೆ ಮಾಡುತ್ತಿದ್ದಾಗ ಅವರ ಬಳಿ ಬರುತ್ತಿದ್ದವರು ಯಾರು, ಜಮೀನಿನ ತಕರಾರಿನವರೇ, ಸಾಲದವರೇ? ಗೆದ್ದದ್ದೆಷ್ಟು, ಸೋತದ್ದೆಷ್ಟು? ಕಾರ್ನಾಡ್ ಸದಾಶಿವರಾಯರು ಮಂಗಳೂರಿನಲ್ಲಿ ವಕೀಲರಾಗಿದ್ದವರು, ಇದ್ದದ್ದನ್ನೆಲ್ಲ ಸ್ವಾತಂತ್ರ್ಯ ಹೋರಾಟಕ್ಕೆ ಸುರಿದು 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡವರು. ಬೆಂಗಳೂರಿನ ಸದಾಶಿವನಗರ ಅವರ ಹೆಸರಿನದು. ಅಲ್ಲಿ ಮನೆ ಮಾಡಿಕೊಂಡವರಲ್ಲಿ ಅವರು ವಾದಿಸಿದ ಒಂದು ಪ್ರಕರಣವನ್ನು ಹೇಳಬಲ್ಲವರು ಎಷ್ಟು ಮಂದಿ?

ನಮ್ಮಲ್ಲಿ ಇಂಥವರ ಬಾಳನ್ನು ಹೇಳುವ ರೀತಿ ಎಲ್ಲರಿಗೂ ಗೊತ್ತಿದೆ. ಜಯಂತಿಯ ದಿನ ಸರ್ಕಲ್ಲಿನ ಪುತ್ಥಳಿಗೆ ಹಾರ ಬೀಳುತ್ತದೆ. ಪುಷ್ಪಾರ್ಚನೆಯ ಫೋಟೊ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಭಾಷಣದಲ್ಲಿ ಧೀಮಂತರು, ನಿಷ್ಠುರರು, ನುಡಿದಂತೆ ನಡೆದವರು, ಸರಳ ಸಜ್ಜನಿಕೆಯ ಸಾಕಾರಮೂರ್ತಿ. ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿದರೂ ಆ ಭಾಷಣ ಹಾಗೇ ನಡೆಯುತ್ತದೆ. ಲಿಂಕನ್ನನ ಲೆಕ್ಕದ ಪುಸ್ತಕಕ್ಕೆ ಬೇರೆ ಹೆಸರು ಹಾಕಲು ಬರುವುದಿಲ್ಲ. ಆ 15 ಡಾಲರಿನ ಕೋಟು ಆ ಕಚೇರಿಯದು ಮಾತ್ರ.

ಅವನು ವಕೀಲನಾದ ಬಗೆಯನ್ನೇ ನೋಡಿ. 1831ರಲ್ಲಿ ನ್ಯೂ ಸೇಲಂ ಎಂಬ ಪುಟ್ಟ ಹಳ್ಳಿಗೆ ಬಂದವನು ಅಂಗಡಿಯ ಗುಮಾಸ್ತನಾದ. ಆಮೇಲೆ ಬೆರಿ ಎಂಬವನ ಜೊತೆ ಪಾಲಿನಲ್ಲಿ ತಾನೇ ಅಂಗಡಿ ಇಟ್ಟ. ಅಂಗಡಿ ಮುಳುಗಿತು, ಪಾಲುದಾರ ತೀರಿಕೊಂಡ, ಇಬ್ಬರ ಸಾಲವೂ ಇವನ ತಲೆಗೆ ಬಂತು: ಸುಮಾರು 1,100 ಡಾಲರ್. ಹೊಟ್ಟೆಪಾಡಿಗೆ ಜಮೀನು ಅಳೆಯುವ ಸರ್ವೆ ಕೆಲಸ ಹಿಡಿದಿದ್ದ. ವಾನ್ ಬರ್ಗನ್ ಎಂಬ ಸಾಲಿಗ 1834ರಲ್ಲಿ ಡಿಕ್ರಿ ಮಾಡಿಸಿಕೊಂಡು ಇವನ ಕುದುರೆ, ಜೀನು, ಸರ್ವೆ ಉಪಕರಣ ಎಲ್ಲವನ್ನೂ ಜಪ್ತಿ ಮಾಡಿಸಿದ. ಹರಾಜಿನಲ್ಲಿ ಜೇಮ್ಸ್ ಶಾರ್ಟ್ ಎಂಬ ಸ್ನೇಹಿತ 120 ಡಾಲರಿಗೆ ಕೂಗಿ ಕೊಂಡು ಉಪಕರಣಗಳನ್ನು ಇವನಿಗೇ ವಾಪಸು ಕೊಟ್ಟ. ಸಾಲದ ಡಿಕ್ರಿ ಮೈಮೇಲೆ ಬಂದರೆ ಏನಾಗುತ್ತದೆ ಎಂಬುದನ್ನು ಲಿಂಕನ್ ವಕೀಲನಾಗುವ ಮೊದಲೇ ಪ್ರತಿವಾದಿಯಾಗಿ ಅನುಭವಿಸಿದ್ದ. ನಮ್ಮಲ್ಲಿ ಒಬ್ಬ ನಾಯಕರ ಜೀವನಚರಿತ್ರೆ ಬರೆಯುವಾಗ ಮನೆಗೆ ಜಪ್ತಿ ಬಂದದ್ದನ್ನು ದಿನಾಂಕದ ಸಮೇತ ಬರೆಯಲು ಮನೆಯವರು ಬಿಡುತ್ತಾರೆಯೇ?

ಅವನಿಗೆ ಕಾನೂನು ಕಾಲೇಜು ಇರಲಿಲ್ಲ. ಸ್ಟುವರ್ಟ್ ಎರವಲು ಕೊಟ್ಟ ಪುಸ್ತಕಗಳನ್ನು ಓದಿದ, ದಸ್ತಾವೇಜುಗಳ ನಮೂನೆಗಳನ್ನು ನಕಲು ಮಾಡಿ ಕೈ ಪಳಗಿಸಿಕೊಂಡ. ಆಗಿನ ಸನದು ಮೂರು ಮೆಟ್ಟಿಲಲ್ಲಿ ಸಿಗುತ್ತಿತ್ತು. ಮೊದಲು ಕೌಂಟಿಯ (ನಮ್ಮ ಜಿಲ್ಲೆಯಂಥದು) ನ್ಯಾಯಾಲಯದಿಂದ ಸನ್ನಡತೆಯ ಪ್ರಮಾಣಪತ್ರ: ಅವನಿಗೆ ಸಿಕ್ಕಿದ್ದು 1836ರ ಮಾರ್ಚ್ 24ರಂದು. ಆಮೇಲೆ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಸಹಿಯ ಪರವಾನಗಿ: ಅದೇ ವರ್ಷ ಸೆಪ್ಟೆಂಬರ್ 9. ಕೊನೆಗೆ ಆ ಕೋರ್ಟಿನ ವಕೀಲರ ಪಟ್ಟಿಯಲ್ಲಿ ಹೆಸರು ಬರೆಸುವುದು: 1837ರ ಮಾರ್ಚ್ 1. ಏಪ್ರಿಲ್‌ನಲ್ಲಿ ಸ್ಪ್ರಿಂಗ್‌ಫೀಲ್ಡಿಗೆ ಬಂದು ಸ್ಟುವರ್ಟ್ ಜೊತೆ ಕೂತ. 1841ರಿಂದ 1844ರವರೆಗೆ ಲೋಗನ್ ಜೊತೆ, ಆಮೇಲೆ ಕೊನೆಯವರೆಗೂ ಹರ್ನ್‌ಡನ್ ಜೊತೆ.

ಕೆಲಸ ಎಂಥದು ಎಂದು ಕೇಳಿದರೆ, ಅರ್ಧಕ್ಕಿಂತ ಹೆಚ್ಚು ಸಾಲ ವಸೂಲಿ. ಪ್ರಾಮಿಸರಿ ನೋಟು ಹಿಡಿದು ಬಂದ ಅಂಗಡಿಕಾರನ ಪರ ವಕೀಲ ಮೊದಲು ಕ್ಲರ್ಕ್‌ಗೆ ಸಮನ್ಸ್ ಹೊರಡಿಸುವಂತೆ ಚೀಟಿ ಬರೆಯುತ್ತಾನೆ. ಶೆರಿಫ್ ಸಮನ್ಸ್ ಜಾರಿ ಮಾಡಿ ಹಿಂಬದಿಯಲ್ಲಿ ಷರಾ ಬರೆದು ತಿರುಗಿಸುತ್ತಾನೆ. ಕೋರ್ಟಿನ ಅಧಿವೇಶನ ಶುರುವಾಗುವುದಕ್ಕೆ ಹತ್ತು ದಿನ ಮುಂಚೆ ವಾದಪತ್ರ ಸಲ್ಲಿಸಿರಬೇಕು. ಅದು ತಪ್ಪಿದರೆ ಪ್ರತಿವಾದಿ ಮುಂದಿನ ಅಧಿವೇಶನಕ್ಕೆ ವಾಯಿದೆ ಕೇಳುತ್ತಾನೆ. ಅಧಿವೇಶನವೋ ಕೌಂಟಿಗೆ ವರ್ಷಕ್ಕೆ ಎರಡೇ ಸಲ, ಒಂದೊಂದು ಕಡೆ ಕೆಲವೇ ದಿನ. ಹೀಗಾಗಿ ಒಂದು ಕಾಗದ ತಡವಾದರೆ ಕಕ್ಷಿದಾರನಿಗೆ ಆರು ತಿಂಗಳ ನಷ್ಟ. ದಾವೆಯ ನಮೂನೆ ತಪ್ಪಿದರೂ ಕಥೆ ಮುಗಿದಂತೆ. ಕರಾರು ಮುರಿದದ್ದಕ್ಕೆ ಒಂದು ನಮೂನೆ, ಸಾಮಾನು ಹಿಡಿದಿಟ್ಟುಕೊಂಡದ್ದಕ್ಕೆ ಇನ್ನೊಂದು, ಮಾನಹಾನಿಗೆ ಮತ್ತೊಂದು. ತಪ್ಪು ನಮೂನೆಯಲ್ಲಿ ಹಾಕಿದ ದಾವೆಗೆ ಎದುರು ವಕೀಲ ಸತ್ಯಾಸತ್ಯದ ಗೊಡವೆಗೇ ಹೋಗದೆ, ಇದು ಕಾನೂನಿನಲ್ಲಿ ನಿಲ್ಲುವುದಿಲ್ಲ ಎಂದು ತಕರಾರು ಹಾಕಿ ಕೆಡವುತ್ತಿದ್ದ. ಪ್ರತಿವಾದಿ ಬರದೇ ಹೋದರೆ ಏಕತರ್ಫಾ ಡಿಕ್ರಿ. ಡಿಕ್ರಿಯಾದ ಮೇಲೆ ಅಮಲ್ಜಾರಿ. ಅಲ್ಲಿಗೆ ಬಂದಾಗ ಸಾಲಗಾರನ ಹತ್ತಿರ ಜಪ್ತಿ ಮಾಡಲು ಏನೂ ಉಳಿದಿಲ್ಲ ಎಂದು ಶೆರಿಫ್ ಬರೆದ ಷರಾಗಳೂ ಇರುತ್ತವೆ. ನಮ್ಮ ಮುನ್ಸೀಫ್ ಕೋರ್ಟಿನ ಜಗಲಿಯಲ್ಲಿ ಕಾದು ಕೂತ ಯಾರಿಗೂ ಇದು ಪರಕೀಯ ಎನಿಸದು.

ಇದೆಲ್ಲ ನಡೆಯುತ್ತಿದ್ದದ್ದು ಊರೂರು ತಿರುಗುವ ಕೋರ್ಟಿನಲ್ಲಿ. ಇಲಿನಾಯ್‌ನ ಎಂಟನೇ ಸರ್ಕಿಟ್ ದೊಡ್ಡದಾಗಿದ್ದ ಕಾಲದಲ್ಲಿ 14 ಕೌಂಟಿ ಸೇರಿತ್ತು. 1848ರಿಂದ ಡೇವಿಡ್ ಡೇವಿಸ್ ಅದರ ನ್ಯಾಯಾಧೀಶ. ವಸಂತದಲ್ಲಿ ಸುಮಾರು ಮೂರು ತಿಂಗಳು, ಶರತ್ಕಾಲದಲ್ಲಿ ಮತ್ತೆ ಸುಮಾರು ಮೂರು ತಿಂಗಳು ನ್ಯಾಯಾಧೀಶ ಮುಂದೆ, ವಕೀಲರು ಹಿಂದೆ, ಕುದುರೆ ಮೇಲೋ ಗಾಡಿಯಲ್ಲೋ ಕೆಸರು ತುಳಿದು ಹೊರಡುತ್ತಿದ್ದರು. ಛತ್ರದಂಥ ಹೋಟೆಲುಗಳಲ್ಲಿ ಒಂದೇ ಮಂಚದಲ್ಲಿ ಇಬ್ಬರು ವಕೀಲರು. ಹೆಚ್ಚಿನವರು ಹತ್ತಿರದ ಎರಡು ಮೂರು ಕೌಂಟಿ ಮುಗಿಸಿ ಮನೆಗೆ ತಿರುಗುತ್ತಿದ್ದರು. ಪೂರ್ತಿ ಸುತ್ತು ಹಾಕುತ್ತಿದ್ದ ಕೆಲವೇ ಮಂದಿಯಲ್ಲಿ ಲಿಂಕನ್ ಒಬ್ಬ. ಕೋರ್ಟು ಆ ಊರಿಗೆ ಬಂದ ದಿನವೇ ಕಕ್ಷಿದಾರ ಬಂದು ಹಿಡಿಯುತ್ತಿದ್ದ. ಸಾಕ್ಷಿ ಯಾರೆಂದು ಕೇಳಿ, ಕಾಗದ ನೋಡಿ, ಬೇಕಾದ ಕಾಗದವನ್ನು ಅರ್ಧ ಗಂಟೆಯಲ್ಲಿ ಬರೆದು, ಎಷ್ಟೋ ಸಲ ಅವತ್ತೇ ನಡೆಸಬೇಕಾಗುತ್ತಿತ್ತು. ಗುಮಾಸ್ತರಿಲ್ಲ, ಬೆರಳಚ್ಚು ಇಲ್ಲ. ಆದ್ದರಿಂದಲೇ ಅವನ ಕೈಬರಹ ಅಷ್ಟೊಂದು ಉಳಿದಿದೆ. ಕೆಲವು ಕಡೆ ಕ್ಲರ್ಕ್ ಬರೆಯಬೇಕಾದ ಆದೇಶವನ್ನೂ ಅವನೇ ಬರೆದುಕೊಟ್ಟಿದ್ದಾನೆ.

ಬಂದ ಕಾಗದಗಳನ್ನು ಟೋಪಿಯೊಳಗೆ ಇಟ್ಟುಕೊಳ್ಳುವ ಅಭ್ಯಾಸ ಅವನಿಗಿತ್ತು. 1850ರಲ್ಲಿ ಒಬ್ಬ ವಕೀಲಮಿತ್ರನಿಗೆ ಉತ್ತರ ತಡವಾದದ್ದಕ್ಕೆ ಬರೆದ ಪತ್ರದಲ್ಲಿ ಕಾರಣ ಹೇಳುತ್ತಾನೆ: ನಿಮ್ಮ ಕಾಗದವನ್ನು ಹಳೆಯ ಟೋಪಿಯಲ್ಲಿ ಇಟ್ಟಿದ್ದೆ, ಮರುದಿನ ಹೊಸ ಟೋಪಿ ಕೊಂಡೆ, ಹಳೆಯದು ಮೂಲೆ ಸೇರಿತು. ಕಚೇರಿಯಲ್ಲಿದ್ದ ಒಂದು ಕಟ್ಟಿನ ಮೇಲೆ, ಬೇರೆಲ್ಲೂ ಸಿಗದಿದ್ದರೆ ಇದರಲ್ಲಿ ಹುಡುಕು ಎಂದು ಬರೆದಿಟ್ಟಿದ್ದ. ಇಂಥ ಅಸ್ತವ್ಯಸ್ತ ಮನುಷ್ಯನ ಕಾಗದ ಇಂದು ಅಚ್ಚುಕಟ್ಟಾಗಿ ಸಿಗುತ್ತಿದೆ ಎಂದರೆ ಅದರ ಪುಣ್ಯವೆಲ್ಲ ಆಮೇಲೆ ಹುಡುಕಿದವರದು.

ಹುಡುಕಿದ ರೀತಿ ತಿಳಿಯಬೇಕಾದದ್ದು. 1985ರಲ್ಲಿ ರಾಜ್ಯ ಸರ್ಕಾರದ ಆಶ್ರಯದಲ್ಲಿ ಆ ಕೆಲಸ ಶುರುವಾಯಿತು. ಹದಿನೈದು ವರ್ಷ ಹಿಡಿಯಿತು, 2000ದಲ್ಲಿ ಡಿವಿಡಿಯಾಗಿ ಹೊರಬಂತು, 2009ರಲ್ಲಿ ಅಂತರ್ಜಾಲಕ್ಕೇರಿತು. 90,000ಕ್ಕೂ ಹೆಚ್ಚು ದಸ್ತಾವೇಜು. ಕಷ್ಟ ಎಲ್ಲಿತ್ತೆಂದರೆ, ಕೋರ್ಟಿನ ಕಡತಗಳನ್ನು ಜೋಡಿಸಿಟ್ಟಿರುವುದು ವಾದಿ ಪ್ರತಿವಾದಿಗಳ ಹೆಸರಿನಲ್ಲಿ, ವಕೀಲರ ಹೆಸರಿನಲ್ಲಿ ಅಲ್ಲ. ಆದೇಶದ ಪುಸ್ತಕದಲ್ಲಿ 'ವಾದಿ ತನ್ನ ವಕೀಲರ ಮೂಲಕ' ಎಂದಷ್ಟೇ ಇರುತ್ತದೆ. ವಕೀಲ ಯಾರೆಂಬುದು ಸಿಗುವುದು ನ್ಯಾಯಾಧೀಶರ ಡಾಕೆಟ್ ಪುಸ್ತಕದ, ಎಂದರೆ ಪ್ರಕರಣಗಳ ಪಟ್ಟಿಯ, ಅಂಚಿನಲ್ಲಿ, ಇಲ್ಲವೇ ವಾದಪತ್ರದ ಕೈಬರಹದಲ್ಲಿ. ಹಾಗಾಗಿ ಕೌಂಟಿ ಕೌಂಟಿಗೆ ಹೋಗಿ, ಮೂರು ಮಡಿಕೆ ಮಾಡಿ ದಾರ ಕಟ್ಟಿಟ್ಟ ಕಟ್ಟುಗಳನ್ನು ಬಿಚ್ಚಿ, ಅಕ್ಷರ ನೋಡಿ ಗುರುತು ಹಿಡಿಯಬೇಕಾಯಿತು. ಎಷ್ಟೋ ಕಾಗದಗಳಲ್ಲಿ ಸಹಿಯ ಜಾಗದಲ್ಲಿ ತೂತು. ಹಸ್ತಾಕ್ಷರ ಸಂಗ್ರಹಿಸುವವರು ಹಿಂದೆಯೇ ಕತ್ತರಿಸಿಕೊಂಡು ಹೋಗಿದ್ದರು. ಸಹಿ ಕತ್ತರಿಸಿದರೆ ಹಿಂಬದಿಯ ಶೆರಿಫ್ ಷರಾ ಕೂಡ ಹೋಯಿತು.

ಹೀಗೆ ಹುಡುಕಿದಾಗ ಸಿಕ್ಕಿದ್ದೆಲ್ಲ ಹಾಡಿ ಹೊಗಳುವಂಥದ್ದಲ್ಲ. ನನ್ನ ಮಾತಿನ ತಿರುಳು ಇರುವುದು ಇಲ್ಲೇ.

1847ರ ಅಕ್ಟೋಬರ್. ಕೋಲ್ಸ್ ಕೌಂಟಿಯಲ್ಲಿ ರಾಬರ್ಟ್ ಮ್ಯಾಟ್ಸನ್ ಎಂಬ ಕೆಂಟಕಿಯ ಜಮೀನ್ದಾರನಿಗೆ ಹೊಲವಿತ್ತು. ಕೆಂಟಕಿಯಲ್ಲಿ ಗುಲಾಮಗಿರಿ ಕಾನೂನುಬದ್ಧ, ಇಲಿನಾಯ್‌ನಲ್ಲಿ ನಿಷಿದ್ಧ. ಅವನು ಬೇಸಾಯದ ಕಾಲಕ್ಕೆ ಗುಲಾಮರನ್ನು ಕರೆತಂದು, ಸುಗ್ಗಿ ಮುಗಿದ ಮೇಲೆ ವಾಪಸು ಒಯ್ಯುತ್ತಿದ್ದ. ಅವರು ಇಲ್ಲಿ ನೆಲೆಸಿದವರಲ್ಲ, ಬಂದುಹೋಗುವವರು ಎಂಬುದು ಅವನ ವಾದ. ಜೇನ್ ಬ್ರಯಂಟ್ ಎಂಬಾಕೆಯನ್ನೂ ಆಕೆಯ ಮಕ್ಕಳನ್ನೂ ಎರಡು ವರ್ಷವಾದರೂ ಇಲ್ಲೇ ಉಳಿಸಿಕೊಂಡಿದ್ದ. ಮಕ್ಕಳನ್ನು ದಕ್ಷಿಣಕ್ಕೆ ಮಾರಿಬಿಡುವ ಬೆದರಿಕೆ ಬಂದಾಗ ಆಕೆ ನಾಲ್ಕು ಮಕ್ಕಳೊಂದಿಗೆ ಓಡಿಹೋಗಿ ಗುಲಾಮಗಿರಿಯನ್ನು ವಿರೋಧಿಸುವ ಇಬ್ಬರ ಆಶ್ರಯ ಪಡೆದಳು. ಮ್ಯಾಟ್ಸನ್ ಅವರನ್ನು ಹಿಡಿಸಿ ಜೈಲಿನಲ್ಲಿ ಇರಿಸಿದ. ಅವರ ಬಿಡುಗಡೆಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಕ್ರಮವಾಗಿ ಹಿಡಿದಿಟ್ಟವರನ್ನು ಬಿಡಿಸುವ ಅರ್ಜಿ, ಬಂತು. ಆ ಅರ್ಜಿಯ ವಿರುದ್ಧ, ಮ್ಯಾಟ್ಸನ್ ಪರವಾಗಿ, ಒಬ್ಬ ತಾಯಿಯನ್ನೂ ನಾಲ್ಕು ಮಕ್ಕಳನ್ನೂ ಗುಲಾಮಗಿರಿಗೆ ಮರಳಿಸಲು ವಾದಿಸಿದವರಲ್ಲಿ ಒಬ್ಬ ಅಬ್ರಹಾಂ ಲಿಂಕನ್. ನ್ಯಾಯಮೂರ್ತಿಗಳಾದ ವಿಲ್ಸನ್ ಮತ್ತು ಟ್ರೀಟ್ ಕುಟುಂಬವನ್ನು ಬಿಡುಗಡೆ ಮಾಡಿದರು. ಲಿಂಕನ್ ಸೋತ, ಸೋತದ್ದು ಒಳ್ಳೆಯದಾಯಿತು.

ಇದೇ ಲಿಂಕನ್ ಆರು ವರ್ಷ ಮೊದಲು, 1841ರಲ್ಲಿ, ಬೇಲಿ ಮತ್ತು ಕ್ರಾಮ್‌ವೆಲ್ ನಡುವಿನ ಪ್ರಕರಣದಲ್ಲಿ ನಾನ್ಸ್ ಎಂಬ ಕಪ್ಪು ಯುವತಿಯನ್ನು ಮಾರಿದ ಬಾಬ್ತಿನ ನೋಟು ಊರ್ಜಿತವಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ ಗೆದ್ದಿದ್ದ. ಇಲಿನಾಯ್‌ನಲ್ಲಿ ಪ್ರತಿಯೊಬ್ಬರೂ ಸ್ವತಂತ್ರರೆಂದೇ ಕಾನೂನು ಭಾವಿಸಬೇಕು ಎಂಬ ತತ್ವ ಅಲ್ಲಿ ಗಟ್ಟಿಯಾಯಿತು. ಎರಡೂ ಕಡತಗಳು ಒಂದೇ ಸಂಗ್ರಹದಲ್ಲಿವೆ, ಒಂದನ್ನು ಮುಂದಿಟ್ಟು ಇನ್ನೊಂದನ್ನು ಮುಚ್ಚಿಲ್ಲ. ಗುಲಾಮಗಿರಿಯನ್ನು ಕೊನೆಗಾಣಿಸಿದವನೆಂದು ಜಗತ್ತು ಪೂಜಿಸುವ ಮನುಷ್ಯನ ಊರಿನಲ್ಲಿ, ಅವನು ಗುಲಾಮರ ಒಡೆಯನ ಪರ ನಿಂತ ದಿನವನ್ನು ಇಸವಿ, ತಿಂಗಳು, ನ್ಯಾಯಮೂರ್ತಿಗಳ ಹೆಸರಿನೊಂದಿಗೆ ಇಟ್ಟುಕೊಂಡಿದ್ದಾರೆ. ಅದರಿಂದ ಅವನ ಪ್ರತಿಮೆ ಬಿದ್ದುಹೋಗಿಲ್ಲ. ನಮ್ಮ ಕಡೆ ಒಬ್ಬ ಮಹನೀಯರ ಬಗ್ಗೆ ಇಂಥ ಒಂದು ಕಡತ ಹೊರಬಂದರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಮೊದಲು ಅದು ಸುಳ್ಳೆಂದು ಹೇಳಿಕೆ, ಆಮೇಲೆ ಸಮುದಾಯದ ಭಾವನೆಗೆ ಧಕ್ಕೆ, ಕಡೆಗೆ ಪ್ರತಿಭಟನೆ. ಬರೆದವನು ಕ್ಷಮೆ ಕೇಳಿ ಕೈತೊಳೆದುಕೊಳ್ಳುತ್ತಾನೆ. ಕಡತ ಮತ್ತೆ ಕಪಾಟಿಗೆ.

ಫೀಸಿನ ವಿಷಯದಲ್ಲೂ ಹಾಗೆಯೇ ಎರಡು ಮುಖ. 1856ರ ಫೆಬ್ರವರಿಯಲ್ಲಿ ಫ್ಲಾಯ್ಡ್ ಎಂಬ ಕಕ್ಷಿದಾರ ಒಂದು ದಸ್ತಾವೇಜು ಬರೆದುಕೊಟ್ಟದ್ದಕ್ಕೆ 25 ಡಾಲರ್ ಕಳಿಸಿದ. ಆ ಕೆಲಸಕ್ಕೆ 15 ಸಾಕು ಎಂದು ಲಿಂಕನ್ 10 ಡಾಲರಿನ ನೋಟನ್ನು ವಾಪಸು ಕಳಿಸಿದ. ಇದು ಭಾಷಣಕ್ಕೆ ಒದಗುವ ಕಥೆ. ಇನ್ನೊಂದು ನಡೆದದ್ದು ನಾನಿರುವ ಬ್ಲೂಮಿಂಗ್ಟನ್‌ನಲ್ಲೇ. ಇಲಿನಾಯ್ ಸೆಂಟ್ರಲ್ ರೈಲ್ವೆ ಕಂಪನಿಯ ಆಸ್ತಿಗೆ ಮಕ್‌ಲೀನ್ ಕೌಂಟಿ ತೆರಿಗೆ ಹಾಕಬಹುದೇ ಎಂಬ ದಾವೆ. ರಾಜ್ಯಕ್ಕೆ ಆದಾಯದ ಪಾಲು ಕೊಡುವ ಷರತ್ತಿನ ಮೇಲೆ ಕಂಪನಿಗೆ ಶಾಸನಸಭೆ ತೆರಿಗೆ ವಿನಾಯಿತಿ ಕೊಟ್ಟಿತ್ತು. ಕೌಂಟಿಗೆ ಅದನ್ನು ಮೀರುವ ಹಕ್ಕಿದೆಯೇ ಎಂಬುದು ಪ್ರಶ್ನೆ. ಲಿಂಕನ್ ಕಂಪನಿಯ ಪರ ನಿಂತು 1856ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ಕಂಪನಿಗೆ ಉಳಿದ ತೆರಿಗೆ ಅಪಾರ. ಇವನು 5,000 ಡಾಲರ್ ಕೇಳಿದ, ಕಂಪನಿ ಕೊಡಲಿಲ್ಲ. 1857ರ ಜೂನ್‌ನಲ್ಲಿ ತನ್ನ ಕಕ್ಷಿದಾರನ ಮೇಲೆಯೇ ದಾವೆ ಹೂಡಿ, ಮುಂಗಡ ಕಳೆದು 4,800 ಡಾಲರಿಗೆ ಡಿಕ್ರಿ ಪಡೆದ. ಹಣವನ್ನು ಹರ್ನ್‌ಡನ್ ಜೊತೆ ಸಮನಾಗಿ ಹಂಚಿಕೊಂಡ. ಅವನ ವಕೀಲಿಕೆಯ ಅತಿ ದೊಡ್ಡ ಫೀಸು ಅದು. ಹತ್ತು ಡಾಲರ್ ಹಿಂದಿರುಗಿಸಿದವನೂ ಐದು ಸಾವಿರಕ್ಕೆ ಜಗ್ಗಾಡಿದವನೂ ಒಬ್ಬನೇ. ಹಳ್ಳಿಯ ಕಕ್ಷಿದಾರನ ಕೆಲಸಕ್ಕೂ ರೈಲ್ವೆ ಕಂಪನಿಯ ಕೆಲಸಕ್ಕೂ ಬೆಲೆ ಬೇರೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎರಡನೆಯ ಕಥೆ ಬಿಟ್ಟು ಮೊದಲನೆಯದನ್ನಷ್ಟೇ ಹೇಳಿದರೆ ಅವನೊಬ್ಬ ಸಾಧು. ಎರಡೂ ಹೇಳಿದಾಗ ಅವನು ನಂಬಬಹುದಾದ ವಕೀಲನಾಗಿ ಕಾಣುತ್ತಾನೆ.

ಇನ್ನು ಶಾಸಕಗಿರಿ. 1832ರ ಮೊದಲ ಚುನಾವಣೆಯಲ್ಲಿ 13 ಮಂದಿಯಲ್ಲಿ ಎಂಟನೆಯವನಾಗಿ ಸೋತ. ಆದರೆ ತನ್ನ ನ್ಯೂ ಸೇಲಂ ಮತಗಟ್ಟೆಯ 300 ಮತದಲ್ಲಿ 277 ಅವನಿಗೇ ಬಿದ್ದಿದ್ದವು. 1834ರಲ್ಲಿ ಗೆದ್ದ. ರಾಜಧಾನಿಯಾಗಿದ್ದ ವಾಂಡೇಲಿಯಾಕ್ಕೆ ಹೋಗಲು ಸರಿಯಾದ ಬಟ್ಟೆ ಇಲ್ಲದೆ ಊರಿನವನೊಬ್ಬನಿಂದ 200 ಡಾಲರ್ ಸಾಲ ತಂದ. ಶಾಸಕರ ಭತ್ಯೆ ದಿನಕ್ಕೆ 3 ಡಾಲರ್. 1836, 1838, 1840ರಲ್ಲಿ ಮತ್ತೆ ಆರಿಸಿ ಬಂದ. ಸಂಗಮನ್ ಕೌಂಟಿಯ ಒಂಬತ್ತು ಮಂದಿ ಸೇರಿ ರಾಜಧಾನಿಯನ್ನು ಸ್ಪ್ರಿಂಗ್‌ಫೀಲ್ಡಿಗೆ ಎಳೆದು ತಂದದ್ದು 1837ರ ಫೆಬ್ರವರಿ 28ರಂದು.

ಅದೇ ಅಧಿವೇಶನದಲ್ಲಿ ಅವನು ಹುರುಪಿನಿಂದ ಬೆಂಬಲಿಸಿದ ಇನ್ನೊಂದು ಮಸೂದೆ ರಾಜ್ಯವನ್ನೇ ಮುಳುಗಿಸಿತು. ಸುಮಾರು ಒಂದು ಕೋಟಿ ಡಾಲರ್ ಸಾಲ ಎತ್ತಿ ರೈಲು, ನದಿ, ರಸ್ತೆ ಎಲ್ಲವನ್ನೂ ಒಂದೇ ಸಲ ಕಟ್ಟುವ ಯೋಜನೆ. ರೈಲು, ನದಿ ಯಾವುದೂ ಸಿಗದ ಕೌಂಟಿಗಳ ಬಾಯಿ ಮುಚ್ಚಿಸಲು 2 ಲಕ್ಷ ಡಾಲರ್ ಹಂಚಿಕೆ. ಮತಕ್ಕೆ ಮತ ಕೂಡಿಸಲು ಪ್ರತಿ ಕ್ಷೇತ್ರಕ್ಕೂ ಒಂದೊಂದು ತುಂಡು ಕೆಲಸ. ಎಲ್ಲ ಕಡೆ ಒಟ್ಟಿಗೆ ಶುರು ಮಾಡಿದ್ದರಿಂದ ಯಾವುದೂ ಆದಾಯ ತರುವ ಮಟ್ಟಕ್ಕೆ ಬರಲಿಲ್ಲ. ಮೇ ತಿಂಗಳಲ್ಲಿ ದೇಶಕ್ಕೇ ಆರ್ಥಿಕ ಕುಸಿತ ಬಂತು. ಓಡಾಟಕ್ಕೆ ಬಂದ ಒಂದೇ ರೈಲು ಮಾರ್ಗ, ನಾರ್ದರ್ನ್ ಕ್ರಾಸ್‌ನ ಒಂದು ತುಂಡು, ಕಡೆಗೆ 1847ರಲ್ಲಿ 21,100 ಡಾಲರಿಗೆ ಹರಾಜಾಯಿತು. ಕುಸಿತ ಕಣ್ಣಿಗೆ ಹೊಡೆಯುತ್ತಿದ್ದಾಗಲೂ ಲಿಂಕನ್ ಯೋಜನೆಯನ್ನು ಬಿಟ್ಟುಕೊಡಲಿಲ್ಲ. ಕ್ಷೇತ್ರವಾರು ಹಂಚಿಕೆಯ ಕಾಮಗಾರಿಗಳು ಅರ್ಧಕ್ಕೆ ನಿಂತದ್ದನ್ನು ನೋಡಿ ಬೆಳೆದ ನಮಗೆ ಇದರಲ್ಲಿ ಹೊಸತೇನೂ ಇಲ್ಲ. ಯಾರು ಪರವಾಗಿ ಕೈಯೆತ್ತಿದರು ಎಂಬುದು ಹೆಸರು ಸಮೇತ ಸಿಗುತ್ತದೆ ಎಂಬುದು ಮಾತ್ರ ಹೊಸತು. ಸದಸ್ಯರು ಕೇಳಿದರೆ ಹೌದು, ಇಲ್ಲ ಎಂದವರ ಹೆಸರುಗಳನ್ನು ಸದನದ ನಡಾವಳಿಯಲ್ಲಿ ಬರೆಯಬೇಕಿತ್ತು. ಗುಲಾಮಗಿರಿ ವಿರೋಧಿ ಸಂಘಗಳನ್ನು ಖಂಡಿಸುವ ನಿರ್ಣಯ 77ಕ್ಕೆ 6ರಂತೆ ಪಾಸಾದಾಗ ಆ ಆರರಲ್ಲಿ ಲಿಂಕನ್ ಒಬ್ಬ. 1837ರ ಮಾರ್ಚ್ 3ರಂದು ಅವನೂ ಡ್ಯಾನ್ ಸ್ಟೋನ್ ಎಂಬ ಸದಸ್ಯನೂ ಬರೆದುಕೊಟ್ಟ ಪ್ರತಿಭಟನೆ, ಗುಲಾಮಗಿರಿ ಅನ್ಯಾಯದ ಮೇಲೂ ಕೆಟ್ಟ ನೀತಿಯ ಮೇಲೂ ನಿಂತಿದೆ ಎಂಬ ಮಾತು, ಅದೇ ನಡಾವಳಿಯಲ್ಲಿದೆ. 1840ರ ಡಿಸೆಂಬರ್‌ನಲ್ಲಿ ರಾಜ್ಯದ ಬ್ಯಾಂಕನ್ನು ಉಳಿಸಲು ಕೋರಂ (ಸದನ ನಡೆಯಲು ಬೇಕಾದ ಕನಿಷ್ಠ ಹಾಜರಿ) ತಪ್ಪಿಸಲೆಂದು ಕಿಟಕಿಯಿಂದ ಹಾರಿಕೊಂಡ. ಹಾರುವ ಮೊದಲೇ ಎಣಿಕೆ ಮುಗಿದಿದ್ದರಿಂದ ಉಪಯೋಗವಾಗಲಿಲ್ಲ. ಆ ಪ್ರಸಂಗವನ್ನೂ ಯಾರೂ ಒರೆಸಿಲ್ಲ.

ನಮ್ಮ ವಿಧಾನಸಭೆಯಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. 'ಹೌದು ಎನ್ನುವವರು ಹೌದು ಎನ್ನಿ' ಎಂದಾಗ ಎದ್ದ ಗದ್ದಲದಲ್ಲಿ ನಮ್ಮ ಕ್ಷೇತ್ರದ ಶಾಸಕರು ಹೌದು ಅಂದರೋ, ಮೊಬೈಲು ನೋಡುತ್ತಿದ್ದರೋ, ಹೊರಗಿದ್ದರೋ, ನೂರೆಂಬತ್ತು ವರ್ಷದ ನಂತರ ಹುಡುಕುವವರಿಗೆ ಯಾವ ಗುರುತೂ ಸಿಗುವುದಿಲ್ಲ. ಮತ ವಿಭಜನೆ ಕೇಳುವ ಹಕ್ಕು ಸದಸ್ಯರಿಗೆ ಇದೆ. ಕೇಳುವವರು ಕಮ್ಮಿ.

ಇಷ್ಟು ಹೇಳಿದ ಮೇಲೆ ಒಪ್ಪಿಕೊಳ್ಳಬೇಕಾದ ಕೆಲವು ಮಾತು ಉಳಿದಿವೆ. ಲಿಂಕನ್ ಅಧ್ಯಕ್ಷನಾಗದೆ ಇದ್ದಿದ್ದರೆ ಯಾರೂ ಆ ಕಟ್ಟುಗಳನ್ನು ಬಿಚ್ಚುತ್ತಿರಲಿಲ್ಲ. ಅವನೊಂದಿಗೆ ಅದೇ ಕೆಸರಿನಲ್ಲಿ ತಿರುಗಿದ ಹತ್ತಾರು ವಕೀಲರ ಬಾಳು ನಮ್ಮವರಷ್ಟೇ ಕಳೆದುಹೋಗಿದೆ. ಇವನ ಕಡತಗಳಲ್ಲಿ ಎದುರು ಪಕ್ಷದ ವಕೀಲರಾಗಿ ಬಂದಷ್ಟೇ ಅವರ ಬೆಳಕು. ಎಂಟನೇ ಸರ್ಕಿಟ್‌ನ ಕೋರ್ಟು ಕಟ್ಟಡಗಳಲ್ಲಿ ತಮ್ಮ ಜಾಗದಲ್ಲೇ ಉಳಿದಿರುವುದು ಮೆಟಮೋರಾ ಮತ್ತು ಮೌಂಟ್ ಪುಲಾಸ್ಕಿಯ ಎರಡೇ. ಪೋಸ್ಟ್‌ವಿಲ್‌ನ ಕೋರ್ಟನ್ನು ಹೆನ್ರಿ ಫೋರ್ಡ್ ಕೊಂಡು ಮಿಷಿಗನ್‌ಗೆ ಸಾಗಿಸಿದ, ಈಗ ಇಲ್ಲಿರುವುದು ನಕಲು. ನ್ಯೂ ಸೇಲಂ ಹಳ್ಳಿಯೂ ಬಹುಪಾಲು ಮರಳಿ ಕಟ್ಟಿದ್ದು. ಶಿಕಾಗೋದ ಕಾಗದಗಳು 1871ರ ಬೆಂಕಿಗೆ ಹೋದವು. ಕಾಗದ ಇಟ್ಟುಕೊಂಡ ಮಾತ್ರಕ್ಕೆ ಜನ ಒಳ್ಳೆಯವರಾಗಲಿಲ್ಲ ಎಂಬುದನ್ನೂ ಹೇಳಬೇಕು: 1908ರ ಆಗಸ್ಟ್‌ನಲ್ಲಿ ಇದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಬಿಳಿಯರ ಗುಂಪು ಕಪ್ಪು ಜನರ ಮನೆಗಳಿಗೆ ಬೆಂಕಿ ಇಟ್ಟಿತು, ಇಬ್ಬರನ್ನು ನೇಣಿಗೇರಿಸಿತು.

ನಮ್ಮಲ್ಲಿಯೂ ಏನೂ ಇಲ್ಲ ಎನ್ನುವುದು ಅನ್ಯಾಯ. 1881ರಲ್ಲಿ ರಂಗಾಚಾರ್ಲು ಅವರ ಕಾಲದಲ್ಲಿ ಶುರುವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳು ಅಚ್ಚಾಗಿ ಉಳಿದಿವೆ. ಯಾವ ತಾಲ್ಲೂಕಿನವರು ಯಾವ ಕೆರೆಯ ದುರಸ್ತಿ ಕೇಳಿದರು ಎಂಬುದು ಅದರಲ್ಲಿ ಸಿಗುತ್ತದೆ. ನಿಜಲಿಂಗಪ್ಪನವರು ದಿನಚರಿ ಬರೆದಿಟ್ಟಿದ್ದರು. 2023ರಲ್ಲಿ 7,210 ಕೋಟಿ ರೂಪಾಯಿಯಲ್ಲಿ ಮಂಜೂರಾದ, ನ್ಯಾಯಾಲಯಗಳ ಗಣಕೀಕರಣದ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತದಲ್ಲಿ ಹಳೆಯ ನ್ಯಾಯಾಲಯ ದಾಖಲೆಗಳ ಸ್ಕ್ಯಾನಿಂಗ್ ಕೂಡ ಸೇರಿದೆ. ಆದರೂ ನನ್ನ ಅಸಮಾಧಾನ ಪೂರ್ತಿ ಇಳಿಯುವುದಿಲ್ಲ. ಕೋರ್ಟಿನ ಕಡತಗಳಿಗೆ ಅವಧಿ ನಿಗದಿಯಾಗಿದೆ, ಅವಧಿ ಮುಗಿದದ್ದನ್ನು ನಿಯಮದ ಪ್ರಕಾರವೇ ನಾಶ ಮಾಡುತ್ತಾರೆ. ಅದಕ್ಕಾಗಿ 1917ರಷ್ಟು ಹಿಂದೆಯೇ ಕಾಯಿದೆ ಬಂದಿದೆ. ವಕೀಲರ ಮನೆಯ ಕಾಗದಕ್ಕಂತೂ ನಿಯಮವೂ ಇಲ್ಲ. ಮನೆ ಮಾರುವಾಗ, ಅಟ್ಟ ಖಾಲಿ ಮಾಡುವಾಗ, ರದ್ದಿಯವನ ತಕ್ಕಡಿಯೇ ಗತಿ.

ಊರಿನಲ್ಲಿ ಅಂಥ ಅಟ್ಟ ಇರುವವರಿಗೆ ಇಷ್ಟನ್ನು ಹೇಳಬಲ್ಲೆ. ಎಲ್ಲವನ್ನೂ ಉಳಿಸಲಾಗದಿದ್ದರೆ ಮೊದಲು ವಾಯಿದೆ ಡೈರಿ, ಫೀಸಿನ ಪುಸ್ತಕ ಎತ್ತಿಡಿ. ಕೋರ್ಟು, ದಾವೆಯ ನಂಬರು, ಇಸವಿ, ಕಕ್ಷಿದಾರರ ಹೆಸರು ಒಟ್ಟಿಗೆ ಸಿಗುವುದು ಅವುಗಳಲ್ಲಿ. ಕಟ್ಟನ್ನು ಬಿಚ್ಚುವ ಮೊದಲು ಹೊರಗಿನ ಬರಹದ ಫೋಟೊ ತೆಗೆಯಿರಿ, ಕಾಗದಗಳ ಕ್ರಮ ಬದಲಿಸಬೇಡಿ. ತುಕ್ಕು ಹಿಡಿದ ಗುಂಡುಸೂಜಿಯನ್ನು ಎಳೆಯದೆ ಮೆತ್ತಗೆ ಜರುಗಿಸಿ ತೆಗೆಯಿರಿ. ಮಡಿಕೆಯಲ್ಲಿ ಮುರಿಯುವಂತಿರುವ ಕಾಗದವನ್ನು ಬಲವಂತವಾಗಿ ಬಿಡಿಸಬೇಡಿ. ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೊಟೇಪು ಹಚ್ಚಬೇಡಿ. ಅದರ ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಗುರುತು ಬರೆಯುವುದಿದ್ದರೆ ಹೊರಗಿನ ಲಕೋಟೆಯ ಮೇಲೆ, ಪೆನ್ಸಿಲಿನಲ್ಲಿ. ಗೋಡೆಗೆ ತಾಗಿಸಿ, ನೆಲದ ಮೇಲೆ ಇಟ್ಟರೆ ಗೆದ್ದಲು ಬಿಡುವುದಿಲ್ಲ. ದಾವೆಯಲ್ಲಿ ಹಾಜರುಪಡಿಸಿದ ಮೂಲ ದಸ್ತಾವೇಜು ಇನ್ನೂ ಕೋರ್ಟಿನಲ್ಲೇ ಇದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಆದೇಶದ 9ನೇ ನಿಯಮದ ಕೆಳಗೆ ವಾಪಸಿಗೆ ಅರ್ಜಿ ಹಾಕಬಹುದು. ಕಡತ ನಾಶವಾಗುವ ಮೊದಲು ಹಾಕಬೇಕು.